ಕ್ಯಾಂಪರ್ ವ್ಯಾನ್ ಹಿಂದೆ ಹಾಯಿದೋಣಿ ತರುವಾಗ ಮಾಸ್ಟ್ ಎಲ್ಲಿ ಕಟ್ಟಬೇಕು?

ನೀವು ಕೇಳಿದ್ದು ಇಷ್ಟು: ಚೆನ್ನೈನಲ್ಲಿ ಟ್ರೇಲರ್ ಸಮೇತ ಹಳೆಯ 14 ಅಡಿ ಹಾಯಿದೋಣಿ ಕೊಂಡಿದ್ದೀರಿ. ನಿಮ್ಮ ಟಿಟಿ (ಟೆಂಪೊ ಟ್ರಾವೆಲರ್) ಕ್ಯಾಂಪರ್ ವ್ಯಾನಿಗೆ ಸಿಕ್ಕಿಸಿ ಮೈಸೂರಿಗೆ ತರಬೇಕು. ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, 21 ಅಡಿ, ಒಂದೇ ತುಂಡು. ಅದನ್ನು ದೋಣಿ ಮೇಲೆ ಮಲಗಿಸಿಕೊಂಡೇ ತರಬಹುದಾ ಅಂತ.

ತರಬಹುದು. ನಾನು ಹಾಗೇ ತಂದೆ, ವ್ಯಾನಿನ ಹಿಂದಿನ ಗಾಜು ಒಡೆದುಕೊಂಡೆ.

ದೋಣಿ ಎಳೆಯುವುದು ಕಷ್ಟವೇ ಅಲ್ಲ. ಈ ಅಳತೆಯ ದೋಣಿ, ಟ್ರೇಲರ್ ಎರಡೂ ಸೇರಿ 250 ಕೆಜಿ ಬಂದರೆ ಹೆಚ್ಚು. ಡೀಸೆಲ್ ಟಿಟಿಗೆ ಅದು ಗೊತ್ತೂ ಆಗುವುದಿಲ್ಲ. ತಲೆನೋವೆಲ್ಲ ಹತ್ತು ಕೆಜಿ ಆಸುಪಾಸು ತೂಗುವ ಆ ಅಲ್ಯುಮಿನಿಯಂ ಕಂಬದ್ದು.

ವಿದೇಶದ ವಿಡಿಯೋಗಳಲ್ಲಿ ಮಾಸ್ಟನ್ನು ದೋಣಿ ಮೇಲೆ ಕಟ್ಟಿ, ಅದರ ಮುಂದಿನ ತುದಿ ಕಾರಿನ ಮೇಲೆ ಚಾಚಿಕೊಂಡಿರುವುದನ್ನು ನೋಡಿರುತ್ತೀರಿ. ಕಾರು ಗಿಡ್ಡ, ಹಾಗಾಗಿ ನಡೆಯುತ್ತದೆ. ನಮ್ಮ ವ್ಯಾನಿನ ಬೆನ್ನು ಗೋಡೆ ಇದ್ದ ಹಾಗೆ ನೆಟ್ಟಗೆ ನಿಂತಿರುತ್ತದೆ. ಕಂಬ ಆ ಗೋಡೆಯ ಹಿಂದೆಯೇ ನಿಲ್ಲಬೇಕು.

ನಾನು ಕಂಬದ ತುದಿಗೂ ಗಾಜಿಗೂ ನಾಲ್ಕು ಬೆರಳು ಅಂತರ ಬಿಟ್ಟಿದ್ದೆ. ಕೆಆರ್‌ಎಸ್ ಹಿನ್ನೀರಿಗೆ ಹೊರಟಿದ್ದೆ, ಮೀನಾಕ್ಷಿಪುರದ ಕಡೆಗೆ. ತಿರುವಿನಲ್ಲಿ ಏನಾದರೂ ಆಗುತ್ತೆ ಅಂತ ಪ್ರತಿ ಸರ್ಕಲ್‌ನಲ್ಲೂ ಕನ್ನಡಿ ನೋಡುತ್ತಾ ಬಂದೆ. ಏನೂ ಆಗಲಿಲ್ಲ. ಯಲವಾಲ ದಾಟಿದ ಮೇಲೆ ಒಂದು ಹಂಪ್ಸ್ ಬಂತು, ನಮ್ಮೂರುಗಳಲ್ಲಿ ಮನಸ್ಸಿಗೆ ಬಂದಷ್ಟು ಎತ್ತರಕ್ಕೆ ಹಾಕಿರುತ್ತಾರಲ್ಲ, ಅಂಥದ್ದು. ವ್ಯಾನ್ ದಾಟಿ ಕೆಳಗಿಳಿಯಿತು. ಟ್ರೇಲರ್ ಚಕ್ರ ಹಂಪ್ಸ್ ಮೇಲೆ ಹತ್ತಿತು. ಟ್ರೇಲರ್ ಮೂತಿ ಬಗ್ಗಿತು, ಮೇಲಿದ್ದ ಕಂಬ ಮುಂದಕ್ಕೆ ವಾಲಿತು. ಟಪ್ ಅಂತ ಸದ್ದು. ಹಿಂದೆ ಕೂತಿದ್ದ ನನ್ನ ಭಾವ 'ಕಲ್ಲು ಬಿತ್ತಾ?' ಅಂದರು.

ಆಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಇದನ್ನು ಮೊದಲೇ ಮಾಡಬೇಕಿತ್ತು ಬಿಡಿ. ಟೋ ಬಾಲ್, ಅಂದರೆ ವ್ಯಾನಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡು, ಇಲ್ಲಿ ಕೀಲು ಇದ್ದ ಹಾಗೆ. ಕಂಬದ ತುದಿ ಆ ಕೀಲಿನಿಂದ ನಾಲ್ಕಡಿ ಮೇಲಿದೆ ಅಂದುಕೊಳ್ಳಿ. ವ್ಯಾನಿಗೂ ಟ್ರೇಲರಿಗೂ ನಡುವೆ ಬರೀ 10 ಡಿಗ್ರಿ ಬಾಗಿದರೆ ಸಾಕು, ತುದಿ ಎಂಟು ಇಂಚು ಮುಂದೆ ಬರುತ್ತದೆ. ಎತ್ತರದ ಹಂಪ್ಸ್ ಮೇಲೆ ನಾಲ್ಕೈದು ಡಿಗ್ರಿ ಬಾಗಬಹುದು. ಅಂಡರ್‌ಪಾಸಿನಿಂದ ಮೇಲೆ ಹತ್ತುವಾಗ, ಕೆರೆ ಏರಿ ಇಳಿದು ಮತ್ತೆ ಏರುವಾಗ ಇನ್ನೂ ಜಾಸ್ತಿ. ತಿರುವಿನಲ್ಲಿ ಮಾತ್ರ, ಕಂಬ ಸರಿಯಾಗಿ ನಡುವೆ ಇದ್ದರೆ ತುದಿ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ವ್ಯಾನಿಗೆ ಹತ್ತಿರವಾಗುವುದಿಲ್ಲ. ದೋಣಿಯ ಒಂದು ಅಂಚಿಗೆ ಕಟ್ಟಿದರೆ ಆ ಲೆಕ್ಕ ತಪ್ಪುತ್ತದೆ, ಆಗ ತಿರುವಿನಲ್ಲೂ ಹೊಡೆಯಬಹುದು.

ಹಾಗಾದರೆ ಕಂಬವನ್ನು ಹಿಂದಕ್ಕೆ ತಳ್ಳೋಣ ಅಂತೀರಿ. ಆಗ ದೋಣಿಯ ಹಿಂದೆ ನಾಲ್ಕೈದು ಅಡಿ ಚಾಚಿಕೊಳ್ಳುತ್ತದೆ. ವ್ಯಾನ್ ಎಡಕ್ಕೆ ತಿರುಗಿದರೆ ಆ ಬಾಲ ಬಲಕ್ಕೆ ಬೀಸುತ್ತದೆ. ಅದೂ ಬೈಕ್ ಸವಾರರ ತಲೆಯ ಮಟ್ಟದಲ್ಲಿ! ಕೆಂಪು ಬಟ್ಟೆ ಕಟ್ಟಿದರೂ ಇದು ನನಗೆ ಒಪ್ಪಿಗೆಯಿಲ್ಲ. ಕಾನೂನೂ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಪ್ರಕಾರ, ಮಿತಿ ಮೀರಿ ಹೊರಚಾಚಿದ ಸರಕಿಗೆ 20,000 ರೂಪಾಯಿ ದಂಡ. ಜೊತೆಗೆ ಅದನ್ನು ಇಳಿಸುವ ಖರ್ಚೂ ನಮ್ಮದೇ.

ನಾನು ಈಗ ಮಾಡುತ್ತಿರುವುದು ಬೇರೆ. ದೋಣಿ ಟ್ರೇಲರ್ ಮೇಲೆ, ಕಂಬ ವ್ಯಾನಿನ ತಲೆ ಮೇಲೆ. ನನ್ನ ವ್ಯಾನ್ ಸುಮಾರು 18 ಅಡಿ ಉದ್ದ. 21 ಅಡಿಯ ಕಂಬದಲ್ಲಿ ಮೂರಡಿ ಮಿಕ್ಕುತ್ತದೆ. ಅದು ಹಿಂದಕ್ಕೆ, ಟ್ರೇಲರ್ ಮೂತಿಯ ಮೇಲೆ ಬರುವಂತೆ ಇಡುತ್ತೇನೆ. ಅಷ್ಟು ಎತ್ತರದಲ್ಲಿ ಅದು ದೋಣಿಗೂ ತಾಗುವುದಿಲ್ಲ, ಹಿಂದೆ ಬರುವವರಿಗೂ ತಾಗುವುದಿಲ್ಲ. ಆದರೂ ವ್ಯಾನಿನಿಂದ ಹೊರಗೆ ಚಾಚಿದೆ ಅನ್ನುವುದು ನಿಜ. ಹಾಗಾಗಿ ಹೊರಡುವ ಮೊದಲು ಕಟ್ಟಿ ಫೋಟೋ ತೆಗೆದು, ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಕೇಳಿಬಿಡಿ. ನಿಮ್ಮ ವ್ಯಾನ್ 20 ಅಡಿಯದಾದರೆ ಈ ಚಿಂತೆ ಬಹುಪಾಲು ಕಳೆಯಿತು.

ಮೇಟಗಳ್ಳಿಯ ಒಬ್ಬ ವೆಲ್ಡಿಂಗ್ ಮೇಸ್ತ್ರಿ ನನಗೆ ಮೂರು ಅಡ್ಡಪಟ್ಟಿ ಮಾಡಿಕೊಟ್ಟರು. ಎರಡು ಸಾಕು ಅಂದಿದ್ದರು, ನಾನೇ ಹಟ ಹಿಡಿದೆ. ಎರಡೇ ಕಡೆ ಆಸರೆ ಇದ್ದರೆ ಹಂಪ್ಸ್‌ಗೊಮ್ಮೆ ಕಂಬ ಬಿಲ್ಲಿನ ಹಾಗೆ ಕುಣಿಯುತ್ತದೆ. ಪ್ರತಿ ಪಟ್ಟಿಯ ಮೇಲೂ ಹಳೆ ಮ್ಯಾಟ್ರೆಸ್ ಫೋಮ್, ಅದರ ಮೇಲೆ ಸೈಕಲ್ ಟ್ಯೂಬ್ ಸುತ್ತಿ. ಕಂಬದ ಉಕ್ಕಿನ ತಂತಿಗಳು, ಹಗ್ಗಗಳನ್ನೆಲ್ಲ ಅದಕ್ಕೇ ಬಿಗಿಯಾಗಿ ಸುತ್ತಿ ಎರಡೆರಡು ಅಡಿಗೆ ಕಟ್ಟಿ. ಒಂದು ಸಡಿಲ ತಂತಿ ಸಾಕು, ಮೈಸೂರು ತಲುಪುವಷ್ಟರಲ್ಲಿ ಕಂಬವನ್ನೂ ವ್ಯಾನಿನ ಬಣ್ಣವನ್ನೂ ಉಜ್ಜಿ ಹಾಕಿರುತ್ತದೆ. ತುದಿಯಲ್ಲಿ ಗಾಳಿ ದಿಕ್ಕು ತೋರಿಸುವ ಬಾಣ ಇದ್ದರೆ ಬಿಚ್ಚಿಡಿ. ಕಟ್ಟುವ ಬೆಲ್ಟಿಗೆ ಒಂದು ಸುತ್ತು ತಿರುವು ಕೊಡಿ, ಇಲ್ಲದಿದ್ದರೆ ಗಾಳಿಗೆ ಬರ್ರ್ ಅಂತ ದಾರಿಯುದ್ದಕ್ಕೂ ತಲೆ ತಿನ್ನುತ್ತದೆ.

ಆಮೇಲೆ ಒಟ್ಟು ಎತ್ತರ ಅಳೆದು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿ. ರೈಲ್ವೆ ಅಂಡರ್‌ಪಾಸ್ ಎದುರಿಗೆ ಬಂದಾಗ ನೆನಪು ಕೈಕೊಡುತ್ತದೆ.

ದೋಣಿಯನ್ನು ಕಟ್ಟುವಾಗ ರ‍್ಯಾಚೆಟ್ ಬೆಲ್ಟಿನ (ಹಿಡಿ ಆಡಿಸಿ ಬಿಗಿಯುವ ಬೆಲ್ಟ್) ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ. ಲಾರಿಗೆ ಸಿಮೆಂಟ್ ಮೂಟೆ ಕಟ್ಟಿದ ಹಾಗೆ ಬಿಗಿದರೆ ಫೈಬರ್ ಅಂಚು ಬಿರುಕು ಬಿಡುತ್ತದೆ. ಕೈಯಲ್ಲಿ ಎಳೆಯುವ ಬಕಲ್ ಬೆಲ್ಟ್ ಸಾಕು, ಅಂಚಿಗೆ ಟವಲ್ ಮಡಿಸಿಡಿ. ಚುಕ್ಕಾಣಿ, ಹಾಯಿ, ಆಂಕರ್ ಯಾವುದನ್ನೂ ದೋಣಿಯ ಹಿಂಭಾಗಕ್ಕೆ ತುರುಕಬೇಡಿ, ವ್ಯಾನಿನ ಹಾಸಿಗೆ ಮೇಲೆ ಹಾಕಿ. ಟ್ರೇಲರ್‌ನ ಹಿಂದೆ ತೂಕ ಹೆಚ್ಚಾದರೆ ಅದು ಹಾವಿನ ಹಾಗೆ ಓಲಾಡುತ್ತದೆ. ಮೂತಿ ಬಾಲ್ ಮೇಲೆ ಒತ್ತುವ ಭಾರ ಒಟ್ಟು ತೂಕದ 5ರಿಂದ 10 ಪರ್ಸೆಂಟ್ ಇರಲಿ. 250 ಕೆಜಿಗೆ 12.5ರಿಂದ 25 ಕೆಜಿ. ಮನೆಯ ತೂಕದ ಯಂತ್ರದ ಮೇಲೆ ಟ್ರೇಲರ್ ಮೂತಿ ಇಟ್ಟು ನೋಡಿದರೆ ಆಯಿತು. ಕಡಿಮೆ ಬಂದರೆ ದೋಣಿಯನ್ನು ಸ್ವಲ್ಪ ಮುಂದೆ ಸರಿಸಿ. ಸೇಫ್ಟಿ ಚೈನು, ಬ್ರೇಕ್ ಲೈಟು, ಇಂಡಿಕೇಟರ್ ನೋಡಿಕೊಳ್ಳುವುದನ್ನು ಹೇಳಬೇಕಾಗಿಲ್ಲ.

ಟ್ರೇಲರ್‌ಗೂ ಅದರದ್ದೇ ನೋಂದಣಿ ಬೇಕು, ಅದರ ಆರ್‌ಸಿ ಕೇಳಿ ತೆಗೆದುಕೊಳ್ಳಿ. ತಮಿಳುನಾಡಿನದಾದರೆ ಎನ್‌ಒಸಿ ಕೂಡ. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಬೇಕು.

ಬೆಂಗಳೂರಿನಿಂದ ಈಚೆಗೆ ಎಕ್ಸ್‌ಪ್ರೆಸ್‌ವೇನಲ್ಲೇ ಬನ್ನಿ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಟ್ರೇಲರ್ ಅಂದ ಕೂಡಲೇ ಅದನ್ನೂ ಆ ಪಟ್ಟಿಗೆ ಸೇರಿಸಿ ಹೆದರಿಸುವವರಿದ್ದಾರೆ. ಅಲ್ಲಿರುವುದು ಟ್ರ್ಯಾಕ್ಟರ್, ಅದರ ಟ್ರೇಲರ್, ಮತ್ತೆ ಹಲವು ಆಕ್ಸಲ್‌ನ ಭಾರಿ ಹೈಡ್ರಾಲಿಕ್ ಟ್ರೇಲರ್, ನಿಮ್ಮ ವ್ಯಾನ್ ಅಲ್ಲ. ಸರ್ವಿಸ್ ರಸ್ತೆಗೆ ಇಳಿದರೆ ಮದ್ದೂರು, ಮಂಡ್ಯದ ಆಸುಪಾಸು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಎರಡು ಬದಿಗೂ ಕಬ್ಬು ಚಾಚಿಕೊಂಡು, ಹಿಂದೆ ಲೈಟೇ ಇಲ್ಲದೆ ಹೋಗುತ್ತಿರುತ್ತವೆ. ಕತ್ತಲಾದ ಮೇಲಂತೂ ಬೇಡವೇ ಬೇಡ.

ಎಡ ಲೇನ್, ಗಂಟೆಗೆ 60 ಕಿಮೀ. ಬಸ್ಸು ಪಕ್ಕದಲ್ಲಿ ಸರ್ ಅಂತ ಹೋದಾಗ ಟ್ರೇಲರ್ ಓಲಾಡಿದರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ನೇರ ಹಿಡಿದಿರಿ, ತಾನೇ ಸರಿಹೋಗುತ್ತದೆ. ರಿವರ್ಸ್ ಕಲಿಯಲು ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನ ಇದೆಯಲ್ಲ, ಮೈಸೂರಿನ ಅರ್ಧ ಜನ ಕಾರು ಕಲಿತದ್ದೇ ಅಲ್ಲಿ. ಚೆನ್ನೈಗೆ ಹೋಗುವ ಮೊದಲು ಯಾರದ್ದಾದರೂ ಟ್ರೇಲರ್ ಸಿಕ್ಕರೆ ಒಂದು ಭಾನುವಾರ ಬೆಳಿಗ್ಗೆ ಪ್ರಯತ್ನಿಸಿ.

ಹಿನ್ನೀರಿಗೆ ಬಂದ ಮೇಲೆ ಎರಡು ವಿಷಯ. ದೂರದಿಂದ ಓಡಿದ ಚಕ್ರದ ಬೇರಿಂಗ್ ಬಿಸಿಯಾಗಿರುತ್ತದೆ. ಹಾಗೇ ನೀರಿಗೆ ಇಳಿಸಿದರೆ ಅದು ಥಟ್ಟನೆ ತಣ್ಣಗಾಗಿ ನೀರನ್ನು ಒಳಗೆ ಹೀರುತ್ತದೆ, ಗ್ರೀಸ್ ಕೆಡುತ್ತದೆ. ಕಾಫಿ ಕುಡಿದು ಆರಲು ಬಿಡಿ. ಇನ್ನೊಂದು, ಕಂಬ ನಿಲ್ಲಿಸುವ ಮೊದಲು ತಲೆಯೆತ್ತಿ ನೋಡಿ. ದಡದ ಹತ್ತಿರ ಪಂಪ್‌ಸೆಟ್ಟಿಗೆ ಎಳೆದ ಕರೆಂಟ್ ತಂತಿಗಳಿರುತ್ತವೆ. 21 ಅಡಿಯ ಅಲ್ಯುಮಿನಿಯಂ ಕಂಬ ಅದಕ್ಕೆ ತಾಗಿದರೆ ಜೀವ ಉಳಿಯುವುದು ಕಷ್ಟ. ತಂತಿಯಿಂದ ದೂರ ಹೋಗಿ ನಿಲ್ಲಿಸಿ, ನಿಲ್ಲಿಸಿದ ಮೇಲೆ ದೋಣಿಯನ್ನು ಮತ್ತೆ ತಂತಿಯ ಕೆಳಗೆ ತಳ್ಳಿಕೊಂಡು ಹೋಗಬೇಡಿ.

ನಿಮ್ಮ ವ್ಯಾನಿನ ಉದ್ದ, ಮೇಲೆ ಎಸಿ ಅಥವಾ ಸೋಲಾರ್ ಪ್ಯಾನೆಲ್ ಎಲ್ಲಿದೆ ಅಂತ ತಿಳಿಸಿ. ಅಡ್ಡಪಟ್ಟಿ ಎಲ್ಲೆಲ್ಲಿ ಬರಬೇಕು ಅಂತ ಚಿತ್ರ ಬರೆದು ಹಾಕುತ್ತೇನೆ.