ಹದಿನಾರರಲ್ಲಿ ಹೊಡೆದಾಟದ ಕೇಸಾದ ಹುಡುಗನನ್ನು ಜಿಲ್ಲಾ ತಂಡಕ್ಕೆ ತೆಗೆದುಕೊಳ್ಳಬಹುದಾ?

ಖಂಡಿತ ತೆಗೆದುಕೊಳ್ಳಬಹುದು. ಆಟ ಇದ್ದರೆ ತೆಗೆದುಕೊಳ್ಳಲೇಬೇಕು.

ನಿಮ್ಮ ತಮ್ಮ ಹೈಸ್ಕೂಲಿನಲ್ಲಿ ಇನ್ನೊಬ್ಬ ಹುಡುಗನಿಗೆ ಹೊಡೆದಿದ್ದ, ಬಾಲ ನ್ಯಾಯ ಮಂಡಳಿಯಲ್ಲಿ ಕೇಸು ಮುಗಿದಿದೆ, ಈಗ ಶಿವಮೊಗ್ಗದ ಕಬಡ್ಡಿ ಟ್ರಯಲ್ಸ್‌ಗೆ ಹೊರಟರೆ ಊರಿನವರು ಅಡ್ಡ ಬರುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ತೀರ್ಥಹಳ್ಳಿ ಕಡೆ ಹುಡುಗರಿಗೆ ಕಬಡ್ಡಿ ಹೇಳಿಕೊಡುವವನು. ರಜೆಯಲ್ಲಿ ಅಡಿಕೆ ಸುಲಿಯೋಕೆ ಹೋಗುವ ಹುಡುಗನಿಗೆ ಜಿಲ್ಲಾ ತಂಡ ಅಂದರೆ ಬರೀ ಜೆರ್ಸಿ ಅಲ್ಲ. ಮುಂದೆ ಕ್ರೀಡಾ ಕೋಟಾದಲ್ಲಿ ಪೊಲೀಸ್, ರೈಲ್ವೆ ಕೆಲಸಕ್ಕೆ ಅದೇ ದಾರಿ.

ಕಾನೂನು ನಿಮ್ಮ ತಮ್ಮನ ಕಡೆಗಿದೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಮಂಡಳಿ ಮುಂದೆ ಮುಗಿದ ಕೇಸಿನಿಂದ ಮುಂದೆ ಯಾವ ಅನರ್ಹತೆಯೂ ಬರಬಾರದು. ದಾಖಲೆಯನ್ನೂ ನಾಶ ಮಾಡಬೇಕು. 16 ದಾಟಿದವರು ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರ ಹಾಗೆ ವಿಚಾರಣೆಯಾಗಿ ತಪ್ಪಿತಸ್ಥರಾದರೆ ಮಾತ್ರ ಬೇರೆ ಮಾತು. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ (ಸಿಐಎಸ್‌ಎಫ್) ಸಬ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ಆಯ್ಕೆಯಾಗಿದ್ದ ಒಬ್ಬರ ವಿಷಯದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ನಿಲುವು ತಗೊಂಡಿತು. ಊರಿನವರು ಹಳೇ ಕೇಸನ್ನು ಹೆಸರು, ಫೋಟೊ ಸಮೇತ ಹಂಚುತ್ತಿದ್ದರೆ ನಿಲ್ಲಿಸಲು ಹೇಳಿ. 74ನೇ ಸೆಕ್ಷನ್ ಪ್ರಕಾರ ಗುರುತು ಬಯಲು ಮಾಡಿದವರಿಗೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಆಗಬಹುದು.

ಆದರೆ ನೀವು ಬರೆದಿದ್ದರಲ್ಲಿ ಪೆಟ್ಟು ತಿಂದ ಹುಡುಗನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಬೇಜಾರಾಗಿದ್ದು ಅಲ್ಲೇ.

ಅಮೆರಿಕದ ಐಸ್ ಹಾಕಿ ಆಟಗಾರ ಮಿಚೆಲ್ ಮಿಲ್ಲರ್ 14ನೇ ವಯಸ್ಸಲ್ಲಿ ಅಂಗವೈಕಲ್ಯ ಇದ್ದ ಕಪ್ಪು ಸಹಪಾಠಿಗೆ ಕೊಟ್ಟ ಹಿಂಸೆಗೆ ಬಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದ. 2020ರಲ್ಲಿ ಅರಿಜೋನಾ ತಂಡ ಆರಿಸಿಕೊಂಡು ಕೈಬಿಟ್ಟಿತು. 2022ರಲ್ಲಿ ಬಾಸ್ಟನ್ ತಂಡ ಸಹಿ ಹಾಕಿಸಿಕೊಂಡು ಎರಡೇ ದಿನಕ್ಕೆ ಸಂಬಂಧ ಕಡಿದುಕೊಂಡಿತು. ಜನರ ಸಿಟ್ಟು ಬರೀ ಹಳೇ ತಪ್ಪಿನ ಮೇಲಿರಲಿಲ್ಲ. ಕೋರ್ಟ್ ಹೇಳಿ ಬರೆಸಿದ ಪತ್ರ ಬಿಟ್ಟರೆ ಅವನಾಗಿ ಬಂದು ಕ್ಷಮೆ ಕೇಳಲಿಲ್ಲ ಅಂತ 2020ರಲ್ಲಿ ಆ ಹುಡುಗನ ಮನೆಯವರು ನೊಂದು ಹೇಳಿದ್ದರು.

ನಮ್ಮಲ್ಲೂ ಒಬ್ಬ ಒಳ್ಳೇ ರೈಡರ್ ಕಿರಿಯನೊಬ್ಬನಿಗೆ ಕೆಟ್ಟದಾಗಿ ಹೊಡೆದಿದ್ದ. ಮಳೆಗಾಲ, ಶಾಲೆಯ ಹಾಲ್‌ನಲ್ಲಿ ಮ್ಯಾಟ್ ಹಾಸಿ ಪ್ರಾಕ್ಟೀಸ್ ನಡೀತಿತ್ತು. ಆ ಕಿರಿಯ ದಿನಾ ಬಾಗಿಲ ಹತ್ತಿರ ಕೂತು ಶೂ ಲೇಸ್ ಬಿಚ್ಚೋದು, ಕಟ್ಟೋದು. ದೊಡ್ಡವನು ಮ್ಯಾಟ್ ಬಿಟ್ಟು ಹೋದ ಮೇಲೆಯೇ ಎದ್ದು ಬರುತ್ತಿದ್ದ. ಆಗ ಸಮಯ ಬದಲಾಗಿದ್ದು ಹೊಡೆದವನದ್ದು. ಅವನು ಬೆಳಿಗ್ಗೆ ಆರಕ್ಕೆ ಬರಬೇಕಾಯಿತು. ಕ್ಯಾಪ್ಟನ್ ಮಾಡಲಿಲ್ಲ, ಆದರೆ ಒಂದು ಪಂದ್ಯದಿಂದಲೂ ಹೊರಗಿಡಲಿಲ್ಲ. "ಪ್ರತಿಭೆ ಇದೆ, ಸುಮ್ನೆ ಮುಚ್ಚಿ ಹಾಕಿ" ಅಂದವರೂ ಇದ್ದರು. ಹಾಗೆ ಮುಚ್ಚಿ ಹಾಕಿದ್ದರೆ ಕಿರಿಯನೇ ಆಟ ಬಿಡುತ್ತಿದ್ದ, ಅಲ್ವಾ?

ನಿಮ್ಮ ತಮ್ಮ ಆ ಹುಡುಗನ ಹತ್ತಿರ ಮಾತಾಡಿದ್ದಾನಾ, ಕೇಳಿ. ಇಲ್ಲದಿದ್ದರೆ ಮೊದಲು ದೊಡ್ಡವರೊಬ್ಬರ ಮೂಲಕ ಅವರ ಮನೆಯವರನ್ನು ಕೇಳಿಸಿ. ಅವರು ಬೇಡ ಅಂದರೆ ಹೋಗಬಾರದು. ಒಪ್ಪಿದರೆ ಅಪ್ಪ ಅಮ್ಮನ ಜೊತೆ ಹೋಗಲಿ. ಟ್ರಯಲ್ಸ್ ಮಾತು ಅಲ್ಲಿ ಎತ್ತಲೇಬಾರದು.

ಮುಂದೆ ಕೆಲಸದ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದರೆ ತೋಚಿದ್ದು ಬರೆಯಬೇಡಿ. ಮಂಡಳಿಯ ಆದೇಶದ ಪ್ರತಿ ಇಟ್ಟುಕೊಂಡು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಕೀಲರನ್ನು ಕೇಳಿ, ಆಮೇಲೆ ತುಂಬಿಸಿ.