ಅಸ್ತಮಾ ಶಿಬಿರದಲ್ಲಿ ಡಾಕ್ಟರ್ ಅಲ್ಲದವರು ಏನು ಹೇಳಿಕೊಡಬಹುದು?

ಸಂಘದ ಕಡೆಯಿಂದ ಅಸ್ತಮಾ ಇರುವವರಿಗೆ ಒಂದೂವರೆ ಗಂಟೆಯ ಶಿಬಿರ ಮಾಡಬೇಕು, ಇಪ್ಪತ್ತು ಜನ ಬರಬಹುದು, ನಿಮ್ಮಲ್ಲಿ ಯಾರೂ ಡಾಕ್ಟರ್ ಅಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನಾದರೆ ಆಹ್ವಾನದಲ್ಲೇ ದಪ್ಪಕ್ಷರದಲ್ಲಿ ಬರೆಯುತ್ತೇನೆ: ನೀವು ಬಳಸುವ ಇನ್ಹೇಲರ್, ಸ್ಪೇಸರ್ (ಇನ್ಹೇಲರ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಇದ್ದರೆ ಅದೂ, ಡಾಕ್ಟರ್ ಚೀಟಿ, ಇಷ್ಟನ್ನೂ ತನ್ನಿ. ಇವು ಬಾರದಿದ್ದರೆ ಶಿಬಿರ ಬರೀ ಭಾಷಣವಾಗುತ್ತದೆ.

ರೋಗದ ವಿವರಣೆಗೆ ಹತ್ತು ನಿಮಿಷ ಸಾಕು. ಉಬ್ಬಸ ಇಲ್ಲದ ದಿನವೂ ಶ್ವಾಸನಾಳದ ಒಳಗೆ ಊತ ಇರುತ್ತದೆ. ಅದರ ಮೇಲೆ ಹೊಗೆ, ಧೂಳು, ನೆಗಡಿ ಏನಾದರೂ ತಗುಲಿದರೆ ಸುತ್ತಲಿನ ಸ್ನಾಯು ಬಿಗಿದುಕೊಂಡು ದಾರಿ ಇನ್ನಷ್ಟು ಕಿರಿದಾಗುತ್ತದೆ. ಸಾಲ್ಬುಟಮಾಲ್‌ನಂಥ ಔಷಧ ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ಸ್ಟಿರಾಯ್ಡ್ ಇನ್ಹೇಲರ್, ಅದಕ್ಕೆ ದಿನಗಳು, ವಾರಗಳು ಬೇಕು. ಎಳೆದ ತಕ್ಷಣ ಏನೂ ಗೊತ್ತಾಗುವುದಿಲ್ಲವಾದ್ದರಿಂದ ಜನ ಬಿಡುವುದು ಇದನ್ನೇ. ಸಾಲ್ಬುಟಮಾಲ್ ಒಂದನ್ನೇ ನಂಬಿಕೊಂಡಿರುವುದು ದೊಡ್ಡವರಿಗೂ ಹದಿಹರೆಯದವರಿಗೂ ಸರಿಯಲ್ಲ ಎಂದು ಜಾಗತಿಕ ಮಾರ್ಗಸೂಚಿ ರೂಪಿಸುವ ಜೀನಾ ಸಂಸ್ಥೆ 2019ರಿಂದ ಹೇಳುತ್ತಿದೆ. ಸ್ಟಿರಾಯ್ಡ್ ಎಂದ ಕೂಡಲೇ ಹೆದರುವವರಿಗೆ ಅಳತೆ ಹೇಳಿ: ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಇನ್ಹೇಲರ್‌ನ ಒಂದು ಪಫ್‌ನಲ್ಲಿ 200 ಮೈಕ್ರೋಗ್ರಾಂ ಇದ್ದರೆ ಅದು ಒಂದು ಮಿಲಿಗ್ರಾಂನ ಐದನೇ ಒಂದು ಭಾಗ. ಉಬ್ಬಸ ಜೋರಾದಾಗ ಕೊಡುವ ಸ್ಟಿರಾಯ್ಡ್ ಮಾತ್ರೆಯ ಲೆಕ್ಕ ಹತ್ತಾರು ಮಿಲಿಗ್ರಾಂ.

ಉಳಿದ ಸಮಯವೆಲ್ಲ ಇನ್ಹೇಲರ್‌ಗೆ. ಮೊದಲು ನೀವು ತೋರಿಸಬೇಡಿ. ಅವರೇ ಮಾಡಿ ತೋರಿಸಲಿ, ನೀವು ಸುಮ್ಮನೆ ನೋಡಿ. ‘ಗೊತ್ತಾ?’ ಎಂದು ಕೇಳಿದರೆ ಎಲ್ಲರೂ ಗೊತ್ತು ಎಂದೇ ಅನ್ನುತ್ತಾರೆ. ಅಭ್ಯಾಸಕ್ಕೆ ಔಷಧವಿಲ್ಲದ ಮಾದರಿ ಇನ್ಹೇಲರ್ ಇದ್ದರೆ ಒಳ್ಳೆಯದು, ಆದರೆ ಒಬ್ಬರು ಬಾಯಿಗಿಟ್ಟಿದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ.

ಒತ್ತುವ ಇನ್ಹೇಲರ್ ಆದರೆ: ಮುಚ್ಚಳ ತೆಗೆದು ಒಳಗೆ ಏನೂ ಸಿಕ್ಕಿಕೊಂಡಿಲ್ಲವೇ ನೋಡುವುದು, ಚೆನ್ನಾಗಿ ಕುಲುಕುವುದು, ಉಸಿರು ಪೂರ್ತಿ ಹೊರಗೆ ಬಿಡುವುದು, ತುಟಿ ಬಿಗಿಯಾಗಿ ಮುಚ್ಚಿ ನಿಧಾನವಾಗಿ ಒಳಗೆಳೆಯಲು ಶುರು ಮಾಡಿದ ಹಾಗೇ ಒಂದು ಸಲ ಒತ್ತುವುದು, ನಾಲ್ಕೈದು ಸೆಕೆಂಡು ಎಳೆಯುತ್ತಲೇ ಇದ್ದು ಆಮೇಲೆ ಹತ್ತು ಸೆಕೆಂಡು ಹಿಡಿದಿಡುವುದು. ಎರಡನೇ ಪಫ್‌ಗೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಕುಲುಕಬೇಕು. ಬಾಯಿಯ ಅಂಚಿನಿಂದ ಬಿಳಿ ಹಬೆ ಸುರುಳಿಯಾಗಿ ಹೊರಬಂತೋ, ಔಷಧ ಪೋಲಾಯಿತು ಎಂದೇ ಅರ್ಥ: ಒತ್ತಿದ್ದು ಮೊದಲು, ಎಳೆದದ್ದು ಆಮೇಲೆ. ಈ ಹೊಂದಾಣಿಕೆ ಬಾರದವರಿಗೆ ಸ್ಪೇಸರ್ ಬೇಕು. ಸ್ಪೇಸರ್ ಮಕ್ಕಳಿಗೆ ಮಾತ್ರ ಎಂಬ ತಪ್ಪು ಕಲ್ಪನೆಯನ್ನು ಅಲ್ಲೇ ಮುರಿಯಿರಿ. ಅದರೊಳಗೆ ಒಂದು ಸಲಕ್ಕೆ ಒಂದೇ ಪಫ್. ಎರಡು ಮೂರು ಒಟ್ಟಿಗೆ ಹೊಡೆದರೆ ಹನಿಗಳು ಗೋಡೆಗೆ ಅಂಟಿ ಒಳಗೆ ಹೋಗುವುದು ಕಡಿಮೆ. ತಿಂಗಳಿಗೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧವನ್ನು ಅದೇ ಹಿಡಿದುಕೊಳ್ಳುತ್ತದೆ.

ಪುಡಿಯ ಇನ್ಹೇಲರ್‌ನಲ್ಲಿ ಲೆಕ್ಕವೇ ಉಲ್ಟಾ: ಜೋರಾಗಿ, ರಭಸದಿಂದ ಎಳೆಯಬೇಕು. ಅದರೊಳಗೆ ಉಸಿರು ಬಿಟ್ಟರೆ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಎರಡೂ ಬಗೆ ಬಳಸುವವರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಸ್ಟಿರಾಯ್ಡ್ ಯಾವುದರಲ್ಲಿ ತೆಗೆದುಕೊಂಡರೂ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ (ಶಿಲೀಂಧ್ರದ ಪದರ) ಕಟ್ಟುವುದು, ದನಿ ಒಡೆಯುವುದು.

ಖಾಲಿಯಾಗಿದೆಯೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿ ನಂಬಬೇಡಿ. 200 ಪಫ್‌ನ ಡಬ್ಬಿಯಲ್ಲಿ ಔಷಧ ಮುಗಿದ ಮೇಲೂ ಬರೀ ಅನಿಲ ಬುಸ್ ಎನ್ನುತ್ತಲೇ ಇರುತ್ತದೆ. ಎಣಿಕೆ ತೋರಿಸುವ ಕಿಂಡಿ ಇಲ್ಲದಿದ್ದರೆ ಶುರು ಮಾಡಿದ ತಾರೀಕನ್ನು ಡಬ್ಬಿಯ ಮೇಲೆ ಬರೆದು, ದಿನಕ್ಕೆ 4 ಪಫ್ ಆದರೆ 50 ದಿನ ಎಂದು ಲೆಕ್ಕ ಹಾಕಿಸಿ.

ತುರ್ತಿಗೆ ನಾಲ್ಕರ ಲೆಕ್ಕ ಕಲಿಸಿ, ಮನೆಯವರನ್ನೂ ಕೂರಿಸಿಕೊಂಡು. ರೋಗಿಯನ್ನು ನೆಟ್ಟಗೆ ಕೂರಿಸುವುದು, ಮಲಗಿಸುವುದಲ್ಲ. ಸಾಲ್ಬುಟಮಾಲ್ ಸ್ಪೇಸರ್‌ನಲ್ಲಿ ಒಂದೊಂದೇ ಪಫ್‌ನಂತೆ 4, ಪ್ರತಿ ಪಫ್‌ಗೆ 4 ಉಸಿರು, ಆಮೇಲೆ 4 ನಿಮಿಷ ಕಾಯುವುದು. ಇಳಿಯದಿದ್ದರೆ ಮತ್ತೆ 4. ಆಗಲೂ ಇಳಿಯದಿದ್ದರೆ ಆಂಬ್ಯುಲೆನ್ಸ್ ಕರೆದು, ಬರುವ ತನಕ ಇದನ್ನೇ ಮುಂದುವರಿಸುವುದು. ಮಾತು ಪೂರ್ತಿ ಮಾಡಲಾಗದಿದ್ದರೆ, ತುಟಿ ನೀಲಿಯಾಗಿದ್ದರೆ, ಮಂಪರು ಹತ್ತಿದ್ದರೆ ಮೊದಲು ಆಂಬ್ಯುಲೆನ್ಸ್, ಪಫ್ ಜೊತೆಜೊತೆಗೆ. ಸುಯ್ ಸುಯ್ ಸದ್ದು ನಿಂತೂ ಏದುಸಿರು ನಿಲ್ಲದಿದ್ದರೆ ಅದು ಗುಣವಾದ ಲಕ್ಷಣವಲ್ಲ, ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ. ಬೇರೆ ಬಗೆಯ ಇನ್ಹೇಲರನ್ನೇ ತುರ್ತಿಗೂ ಬರೆದುಕೊಟ್ಟಿದ್ದರೆ ಅವರ ಚೀಟಿಯಲ್ಲಿ ಇದ್ದಂತೆಯೇ ಮಾಡಲಿ. ಚೀಟಿಯಲ್ಲಿ ತುರ್ತಿನ ಸೂಚನೆಯೇ ಇಲ್ಲದವರು ಮುಂದಿನ ಭೇಟಿಯಲ್ಲಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳಲಿ.

ನೀವು ಕೈ ಹಾಕಬಾರದ್ದು ಡೋಸಿಗೆ. ಹೆಚ್ಚಿಸಿ, ಇಳಿಸಿ, ಬಿಡಿ ಎನ್ನುವ ಮಾತು ನಿಮ್ಮ ಬಾಯಲ್ಲಿ ಬರಬಾರದು. ಬದಲಿಗೆ ಕಳೆದ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಒಂದು ಕಾಗದದಲ್ಲಿ ಬರೆಸಿ: ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಹಗಲಲ್ಲಿ ತೊಂದರೆಯಾಯಿತೇ? ಉಬ್ಬಸದಿಂದ ರಾತ್ರಿ ಎಚ್ಚರವಾಯಿತೇ? ತಕ್ಷಣ ಆರಾಮ ಕೊಡುವ ಪಫ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಮಾಡಬೇಕಾದ ಕೆಲಸಕ್ಕೆ ಅಡ್ಡಿಯಾಯಿತೇ? ಒಂದಕ್ಕೆ ಹೌದು ಬಂದರೂ ಆ ಕಾಗದ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಲಿ. ಮೂರಕ್ಕೋ ನಾಲ್ಕಕ್ಕೋ ಹೌದಾದರೆ ಅದೇ ವಾರ.

ಒಂದು ತಿಂಗಳ ನಂತರ ಅದೇ ಜನರನ್ನು ಮತ್ತೆ ಅರ್ಧ ಗಂಟೆ ಕರೆಯಿರಿ. ಸರಿಯಾಗಿ ಕಲಿತವರ ಕೈಯೂ ಅಷ್ಟರಲ್ಲಿ ಹಳೆಯ ರೂಢಿಗೆ ಜಾರಿರುತ್ತದೆ, ಹೆಚ್ಚಾಗಿ ತಪ್ಪುವುದು ಮೊದಲು ಉಸಿರು ಹೊರಗೆ ಬಿಡುವ ಹೆಜ್ಜೆ.