ಕಿವಿ ತುರಿಸುತ್ತಿದ್ದರೆ ಮೊದಲು ಕೊಕ್ಕೆ ನೋಡಿ
ನೀವು ಮನೆಯಲ್ಲಿ ಮಾಡಿ ಮಾರಿದ ಓಲೆಯಿಂದ ಇಬ್ಬರಿಗೆ ಕಿವಿ ತುರಿಸಿ ಕೆಂಪಾಯಿತು, ಮಣಿಯ ಬಣ್ಣ ಕಾರಣವಾ ಅಂತ ಕೇಳಿದ್ದೀರಿ. ನನಗನಿಸುವುದು ಮಣಿಯಲ್ಲ, ಕೊಕ್ಕೆ. ಅಗ್ಗದ ಕೊಕ್ಕೆಗಳಲ್ಲಿ ಎಷ್ಟೋ ಸಲ ಕೆಲವರ ಚರ್ಮಕ್ಕೆ ಒಗ್ಗದ ನಿಕಲ್ ಅನ್ನೋ ಲೋಹ ಇರುತ್ತದೆ, ಮೇಲಿನ ಲೇಪ ಸವೆದ ಮೇಲೆ ಬೆವರಿನ ಜೊತೆ ಅದು ಚರ್ಮಕ್ಕೆ ತಾಗುತ್ತದೆ, ಅದಕ್ಕೇ ಮೊದಲು ಏನೂ ಆಗದೆ ಆಮೇಲೆ ತುರಿಕೆ ಶುರುವಾಗುವುದೂ ಉಂಟು. ಅದರ ಬದಲು ಟೈಟಾನಿಯಂ ಅಥವಾ ನಯೋಬಿಯಂ ಲೋಹದ ಕೊಕ್ಕೆ ಹಾಕಿ. ಸರ್ಜಿಕಲ್ ಸ್ಟೀಲ್ ಬಹಳ ಜನರಿಗೆ ಒಗ್ಗುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಸಿಗುವ ಬಗೆಯಾದ 316ಎಲ್‌ನಲ್ಲೂ ನಿಕಲ್ ಇದೆ, ಹಾಗಾಗಿ ಸುಮ್ನೆ ‘ನಿಕಲ್ ಇಲ್ಲ’ ಅಂತ ಬರೆದು ಮಾರಬೇಡಿ, ದಯವಿಟ್ಟು. 925 ಬೆಳ್ಳಿಯೂ ಆಗುತ್ತದೆ, ನೂರಕ್ಕೆ 92.5 ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಕಪ್ಪಾಗುತ್ತದೆ, ಒರೆಸಿದರೆ ಹೋಗುತ್ತದೆ. ಆ ಇಬ್ಬರಿಗೂ ಕೊಕ್ಕೆ ಬದಲಿಸಿ ಕೊಡಿ, ದುಡ್ಡು ತಗೋಬೇಡಿ.